ಸೇರಿಸಿ ಕಟ್ಟುವ ಕೋಣೆಗೆ ಕಾಲ ಯಾವುದು?

ಇರುವ ಮನೆಗೆ ಒಂದು ಕೋಣೆ ಸೇರಿಸುವುದು ಹೊಸ ಮನೆ ಕಟ್ಟುವುದಕ್ಕಿಂತ ಸಣ್ಣ ಕೆಲಸ. ಆದರೆ ವರ್ಷದ ಯಾವ ಕಾಲದಲ್ಲಿ ಶುರು ಮಾಡಬೇಕೆಂಬ ಪ್ರಶ್ನೆ ಹೊಸ ಮನೆಗಿಂತ ಇಲ್ಲಿಯೇ ಹೆಚ್ಚು ತೊಡಕಿನದು. ಹೊಸ ಮನೆ ಎಂದರೆ ಪಂಚಾಂಗ ತಿಂಗಳು, ತಿಥಿ, ನಕ್ಷತ್ರ, ಲಗ್ನ ಎಲ್ಲವನ್ನೂ ಸಾಲಾಗಿ ಹೇಳುತ್ತದೆ. ಮಗನ ಮದುವೆಗೆ ಮುಂಚೆ ಹಿತ್ತಲ ಕಡೆ ಒಂದು ರೂಮು ಇಳಿಸಬೇಕು, ಅಡುಗೆಮನೆಯನ್ನು ಇನ್ನೊಂದು ಅಂಕಣ ಮುಂದಕ್ಕೆ ತರಬೇಕು, ತಾರಸಿ ಮೇಲೆ ಒಂದು ಅಂತಸ್ತು ಎತ್ತಬೇಕು ಎನ್ನುವವರಿಗೆ ಅದೇ ಪಂಚಾಂಗ ಅಷ್ಟು ಸಲೀಸಾಗಿ ಉತ್ತರ ಕೊಡುವುದಿಲ್ಲ.

ಸರ್ಕಾರಿ ಕಡತದಲ್ಲಿ ಇಟಕದಿಬ್ಬನಹಳ್ಳಿ, ಜನರ ಬಾಯಲ್ಲಿ ಐ.ಡಿ.ಹಳ್ಳಿ: ಮಧುಗಿರಿ ತಾಲ್ಲೂಕಿನ ಈ ಹೋಬಳಿ ಆಂಧ್ರದ ಗಡಿಯ ಕಡೆಗಿದೆ. ಕನ್ನಡದ ಜೊತೆ ತೆಲುಗೂ ಕೇಳಿಸುವ ಸೀಮೆ. ಎರಡು ಭಾಷೆಯವರ ಪಂಚಾಂಗವೂ ಚಾಂದ್ರಮಾನದ್ದೇ. ಇಬ್ಬರಿಗೂ ಅಮಾವಾಸ್ಯೆಗೆ ತಿಂಗಳು ಮುಗಿಯುತ್ತದೆ, ಒಂದೇ ದಿನ ಯುಗಾದಿ. ಹಾಗಾಗಿ ತಿಂಗಳುಗಳ ಲೆಕ್ಕದಲ್ಲಿ ಇಲ್ಲಿ ಜಗಳವಿಲ್ಲ. ತೊಡಕು ಇರುವುದು ಪಂಚಾಂಗದ ಹೊರಗಿನ ಬೇರೆ ಲೆಕ್ಕಗಳಲ್ಲಿ: ಮಳೆಯ ಲೆಕ್ಕ, ಬೆಳೆಯ ಲೆಕ್ಕ, ಊರಮ್ಮನ ಜಾತ್ರೆಯ ಲೆಕ್ಕ, ಮನೆಯೊಳಗಿನವರ ಲೆಕ್ಕ. ಇವೆಲ್ಲ ಒಂದೇ ದಿನದ ಮೇಲೆ ಬಂದು ಕೂರುವುದು ಅಪರೂಪ.

ಮೊದಲು ಇತ್ಯರ್ಥವಾಗಬೇಕಾದದ್ದು ಮನೆಯ ಗುರುತು. ಕೋಣೆ ಸೇರಿದ ಮೇಲೆ ಮನೆ ಹಳೆಯದೋ ಹೊಸದೋ? ಹಳೆಯದೇ ಎಂದರೆ ಅದಕ್ಕೆ ಎಂದೋ ವಾಸ್ತುಪೂಜೆ ಆಗಿದೆ, ಹಾಲು ಉಕ್ಕಿದೆ. ಈಗ ಒಂದು ಗುದ್ದಲಿ ಪೂಜೆ ಸಾಕು. ಹೊಸದೆಂದರೆ ಎಲ್ಲವೂ ಮೊದಲಿಂದ ಆಗಬೇಕು. ಆಯದ ಲೆಕ್ಕ ನಂಬುವವರಿಗೆ ಈ ಪ್ರಶ್ನೆ ಇನ್ನೂ ಚುರುಕು. ಮನೆಯ ಉದ್ದ ಅಗಲಗಳ ಗುಣಲಬ್ಧವನ್ನು ಎಂಟರಿಂದ ಭಾಗಿಸಿ ಉಳಿದ ಶೇಷವನ್ನು ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ ಎಂದು ಕರೆಯುವ ಪದ್ಧತಿ ಅದು. ಬೆಸ ಸಂಖ್ಯೆಯವು ಒಳ್ಳೆಯವು, ಸಮಸಂಖ್ಯೆಯವು ಕೆಟ್ಟವು. ತಾತ ಧ್ವಜಾಯಕ್ಕೆ ಹೊಂದಿಸಿ ಕಟ್ಟಿದ ಮನೆಗೆ ಮೊಮ್ಮಗ ಹತ್ತಡಿ ಸೇರಿಸಿದರೆ ಶೇಷ ಬದಲಾಗಿ ಅದು ಧೂಮಾಯವಾಗಿಬಿಡಬಹುದು. ಮೇಸ್ತ್ರಿಗಳು ಇದನ್ನು ಅರ್ಧ ಅಡಿ ಹೆಚ್ಚು ಕಡಿಮೆ ಮಾಡಿ ಸರಿದೂಗಿಸುತ್ತಾರೆ. ದಾರ ಹಿಡಿದು ಗೂಟ ಹೊಡೆಯುವಾಗ ಆಗುವ ಈ ಸಣ್ಣ ತಿದ್ದುಪಡಿಯಲ್ಲಿ ಸೇರ್ಪಡೆಯಾದ ಮನೆ ಹೊಸ ಮನೆಯೇ ಎಂಬ ಒಪ್ಪಿಗೆ ಅಡಗಿದೆ.

ಶಾಸ್ತ್ರಗ್ರಂಥಗಳು ಈ ಪ್ರಶ್ನೆಯನ್ನು ಕಂಡಿಲ್ಲ ಎನ್ನುವಂತಿಲ್ಲ. 6ನೇ ಶತಮಾನದ ವರಾಹಮಿಹಿರ ‘ಬೃಹತ್ಸಂಹಿತೆ’ಯ ವಾಸ್ತುವಿದ್ಯೆಯ ಅಧ್ಯಾಯದಲ್ಲಿ ಮನೆ ಹಿಗ್ಗಿಸುವ ವಿಚಾರವನ್ನೇ ಎತ್ತುತ್ತಾನೆ. ಬೆಳೆಸುವುದಾದರೆ ನಾಲ್ಕೂ ಕಡೆ ಸಮವಾಗಿ ಬೆಳೆಸಬೇಕು, ಒಂದೇ ಕಡೆ ಚಾಚಿದರೆ ದೋಷ, ಆಗದಿದ್ದರೆ ಪೂರ್ವಕ್ಕೋ ಉತ್ತರಕ್ಕೋ ಚಾಚಬಹುದು ಎಂಬುದು ಅವನ ಅಭಿಪ್ರಾಯ. ದಕ್ಷಿಣಕ್ಕೆ ಚಾಚಿದರೆ ಸಾವಿನ ಭಯ, ಪಶ್ಚಿಮಕ್ಕಾದರೆ ಹಣದ ನಾಶ ಎಂದು ಹೇಳುವವನು ತಾನೇ ಒಪ್ಪಿದ ಎರಡು ದಿಕ್ಕುಗಳಿಗೂ ಒಂದೊಂದು ಕೊಂಕು ಉಳಿಸಿದ್ದಾನೆ: ಪೂರ್ವಕ್ಕೆ ಬೆಳೆದರೆ ಮಿತ್ರರೊಡನೆ ವೈರ, ಉತ್ತರಕ್ಕಾದರೆ ಮನಸ್ತಾಪ. ಪಕ್ಕದ ಮನೆಯ ಗೋಡೆಗೆ ಮೂರಡಿ ಬಿಡದೆ ರೂಮು ಎತ್ತಿದ ಯಾವ ಊರಿನಲ್ಲಾದರೂ ಮಿತ್ರವೈರದ ಮಾತನ್ನು ಅಲ್ಲಗಳೆಯುವವರು ಸಿಗುವುದು ಕಷ್ಟ. ಗಮನಿಸಬೇಕಾದದ್ದು ಏನೆಂದರೆ, ಸೇರ್ಪಡೆಯ ವಿಚಾರದಲ್ಲಿ ವರಾಹಮಿಹಿರನ ಚಿಂತೆ ಇಲ್ಲಿ ಪೂರ್ತಿಯಾಗಿ ದಿಕ್ಕಿನದು. ಕಾಲದ ಮಾತನ್ನು ಅವನು ಇದಕ್ಕೆ ಕಟ್ಟುವುದಿಲ್ಲ.

ಕಾಲದ ಮಾತು ಬರುವುದು ಮುಹೂರ್ತಗ್ರಂಥಗಳಲ್ಲಿ. ರಾಮದೈವಜ್ಞ 1600ರಲ್ಲಿ ಕಾಶಿಯಲ್ಲಿ ರಚಿಸಿದ ‘ಮುಹೂರ್ತ ಚಿಂತಾಮಣಿ’ ಗೃಹಪ್ರವೇಶದ ವಿಷಯದಲ್ಲಿ ಹೊಸ ಮನೆಗೂ ಹಳೆ ಮನೆಗೂ ಬೇರೆ ಬೇರೆ ನಿಯಮ ಹೇಳುತ್ತದೆ. ಹೊಸ ಮನೆಗೆ ಉತ್ತರಾಯಣ ಬೇಕು. ಮಾಘ, ಫಾಲ್ಗುಣ, ವೈಶಾಖ, ಜ್ಯೇಷ್ಠ ತಿಂಗಳುಗಳು ಬೇಕು. ಹಳೆಯದಾಗಿ ದುರಸ್ತಿಯಾದ ಮನೆಗೆ, ಬೆಂಕಿ ಮೊದಲಾದವುಗಳಿಂದ ಹಾಳಾಗಿ ಮತ್ತೆ ಕಟ್ಟಿದ ಮನೆಗೆ ಶ್ರಾವಣ, ಕಾರ್ತಿಕ, ಮಾರ್ಗಶಿರಗಳೂ ಆಗುತ್ತವೆ. ಗುರು ಶುಕ್ರರು ಅಸ್ತರಾಗಿದ್ದಾರೆಯೇ ಎಂದು ನೋಡಲೇಬೇಕೆಂದಿಲ್ಲ. ಅಂದರೆ ಜನ ವಾಸವಿರುವ ಮನೆಗೆ ಕಾದು ಕೂರುವ ಅನುಕೂಲವಿಲ್ಲ ಎಂಬುದನ್ನು ಶಾಸ್ತ್ರವೇ ಒಪ್ಪಿಕೊಂಡಿದೆ. ಗುರು ಅಸ್ತ, ಶುಕ್ರ ಅಸ್ತ ಎಂದು ಸೇರ್ಪಡೆಯ ಕೋಣೆಯನ್ನು ತಿಂಗಳುಗಟ್ಟಲೆ ಮುಂದೂಡುವವರು ಗ್ರಂಥಕ್ಕಿಂತ ಹೆಚ್ಚು ಬಿಗಿ ಹಿಡಿದವರು.

ಪಾಯ ತೋಡಲು ಯಾವ ತಿಂಗಳು ಒಳ್ಳೆಯದು ಎಂಬುದರಲ್ಲಿ ಗ್ರಂಥಗಳಿಗೂ ರೂಢಿಗೂ ಇನ್ನೂ ದೊಡ್ಡ ಅಂತರವಿದೆ. ಮತ್ಸ್ಯಪುರಾಣ ಹನ್ನೆರಡು ತಿಂಗಳಿಗೂ ಒಂದೊಂದು ಫಲ ಹೇಳುತ್ತದೆ. ಚೈತ್ರದಲ್ಲಿ ಮನೆ ಕಟ್ಟಿಸಿದವನಿಗೆ ರೋಗ, ವೈಶಾಖದಲ್ಲಿ ಹಸು ಮತ್ತು ರತ್ನ, ಜ್ಯೇಷ್ಠದಲ್ಲಿ ಸಾವು; ಭಾದ್ರಪದದಲ್ಲಿ ಹಾನಿ, ಆಶ್ವಯುಜದಲ್ಲಿ ಪತ್ನೀನಾಶ, ಕಾರ್ತಿಕದಲ್ಲಿ ಧನಧಾನ್ಯ, ಪುಷ್ಯದಲ್ಲಿ ಕಳ್ಳರ ಭಯ, ಮಾಘದಲ್ಲಿ ಲಾಭದ ಜೊತೆಗೆ ಬೆಂಕಿಯ ಭಯ, ಫಾಲ್ಗುಣದಲ್ಲಿ ಚಿನ್ನ ಮತ್ತು ಮಕ್ಕಳು. ಈ ಪಟ್ಟಿಯಲ್ಲಿ ಆಷಾಢಕ್ಕೆ ಸಿಕ್ಕಿರುವುದು ಒಳ್ಳೆಯ ಫಲ: ಆಳುಕಾಳು, ರತ್ನ, ದನಕರು. ಇವತ್ತು ತುಮಕೂರು ಜಿಲ್ಲೆಯಲ್ಲಿ ಆಷಾಢದಲ್ಲಿ ಗುದ್ದಲಿ ಪೂಜೆ ಇಟ್ಟುಕೊಳ್ಳುತ್ತೇವೆ ಎಂದರೆ ಮನೆಯ ಹಿರಿಯರು ಹುಬ್ಬೇರಿಸುತ್ತಾರೆ, ಅದು ಶೂನ್ಯಮಾಸ. ಇನ್ನೊಂದು ಕಡೆ, ಪುರಾಣ ರೋಗದ ತಿಂಗಳೆಂದ ಚೈತ್ರದ ಮೊದಲ ದಿನವೇ ಯುಗಾದಿ; ಪತ್ನೀನಾಶದ ತಿಂಗಳೆಂದ ಆಶ್ವಯುಜದಲ್ಲಿಯೇ ವಿಜಯದಶಮಿ. ಮುಹೂರ್ತ ನೋಡದೆ ಕೆಲಸ ಶುರು ಮಾಡಬಹುದಾದ ಮೂರೂವರೆ ಮುಹೂರ್ತಗಳಲ್ಲಿ ಈ ಎರಡೂ ಸೇರಿವೆ. ಪುರಾಣವನ್ನು ಅಕ್ಷರಶಃ ಹಿಡಿದರೆ ರೂಢಿ ಬೀಳುತ್ತದೆ, ರೂಢಿಯನ್ನು ಹಿಡಿದರೆ ಪುರಾಣ ಬೀಳುತ್ತದೆ.

ಸೌರಮಾನದ ಲೆಕ್ಕ ಇದಕ್ಕಿಂತ ಹದವಾಗಿದೆ. ಸೂರ್ಯ ದ್ವಿಸ್ವಭಾವ ರಾಶಿಗಳಾದ ಮಿಥುನ, ಕನ್ಯಾ, ಧನು, ಮೀನಗಳಲ್ಲಿರುವಾಗ ಮನೆಗೆ ಪಾಯ ಹಾಕಬಾರದು, ಉಳಿದ ಎಂಟರಲ್ಲಿ ಬಾಗಿಲ ದಿಕ್ಕು ನೋಡಿಕೊಂಡು ಹಾಕಬಹುದು ಎಂಬುದು ಮುಹೂರ್ತಗ್ರಂಥಗಳ ಸಾಮಾನ್ಯ ನಿಲುವು. ದಕ್ಷಿಣದಲ್ಲಿ, ಮುಖ್ಯವಾಗಿ ತಮಿಳು ಸಂಪ್ರದಾಯದಲ್ಲಿ, ವಾಸ್ತುಪುರುಷ ವರ್ಷಕ್ಕೆ ಎಂಟು ದಿನ ಮಾತ್ರ ನಿದ್ದೆಯಿಂದ ಏಳುತ್ತಾನೆ ಎಂಬ ನಂಬಿಕೆಯೂ ಇದೇ ಎಂಟು ರಾಶಿಗಳ ಮೇಲೆ ನಿಂತಿದೆ. ಎದ್ದ ದಿನ ಅವನು ಎಚ್ಚರವಿರುವುದು ಮೂರೂಮುಕ್ಕಾಲು ಘಳಿಗೆ, ಅಂದರೆ 90 ನಿಮಿಷ. ಹಲ್ಲುಜ್ಜುವುದು, ಸ್ನಾನ, ಪೂಜೆ, ಊಟ, ತಾಂಬೂಲ ಎಂದು ಅದನ್ನು ಹದಿನೆಂಟು ಹದಿನೆಂಟು ನಿಮಿಷಕ್ಕೆ ಹಂಚಿ, ಊಟ ತಾಂಬೂಲದ ಹೊತ್ತಿನಲ್ಲಿ ಗುದ್ದಲಿ ಹಾಕಿದರೆ ಒಳ್ಳೆಯದೆನ್ನುತ್ತಾರೆ. ಹೊಟ್ಟೆ ತುಂಬಿದವನನ್ನು ಕೇಳಿದರೆ ಒಪ್ಪಿಗೆ ಬೇಗ ಸಿಗುತ್ತದೆ ಎಂಬ ಲೋಕಜ್ಞಾನ ಇದರ ಹಿಂದಿರಬೇಕು. ಈ ಎಂಟರಲ್ಲಿ ಕಟಕವೂ ಒಂದು. ಚಾಂದ್ರಮಾನದ ಆಷಾಢ ಸೂರ್ಯ ಮಿಥುನದಲ್ಲಿರುವಾಗ ಶುರುವಾಗಿ ಕಟಕಕ್ಕೆ ದಾಟುವ ತಿಂಗಳು. ಇಲ್ಲಿಯೂ ಆಷಾಢಕ್ಕೆ ಪೂರ್ತಿ ಬಾಗಿಲು ಮುಚ್ಚಿಲ್ಲ.

ಹಾಗಾದರೆ ಐ.ಡಿ.ಹಳ್ಳಿಯ ಕಡೆ ಆಷಾಢ ಏಕೆ ಬೇಡ? ಇದಕ್ಕೆ ಹೊಲ ಕೊಡುವ ಉತ್ತರ ಪುರಾಣದ್ದಕ್ಕಿಂತ ಗಟ್ಟಿ. ಮಧುಗಿರಿ, ಪಾವಗಡ, ಶಿರಾ ತಾಲ್ಲೂಕುಗಳು ಕಡಲೆಕಾಯಿಯ ಸೀಮೆ. ಜೂನ್ ಕೊನೆ, ಜುಲೈಗಳಲ್ಲಿ ಹದ ಮಳೆ ಬಿದ್ದ ಕೂಡಲೇ ಬಿತ್ತಬೇಕು. ಆ ಎರಡು ಮೂರು ವಾರದಲ್ಲಿ ಊರಿನ ಒಬ್ಬ ಆಳೂ ಗಾರೆ ಕಲಸಲು ಸಿಗುವುದಿಲ್ಲ, ಸಿಕ್ಕರೂ ಮನೆಯವರಿಗೆ ನಿಂತು ನೋಡಲು ಹೊತ್ತಿಲ್ಲ. ಕೈಯಲ್ಲಿದ್ದ ದುಡ್ಡು ಬೀಜಕ್ಕೆ, ಗೊಬ್ಬರಕ್ಕೆ ಹೋಗಿರುತ್ತದೆ. ಮಿಥುನದ ನಿಷೇಧ, ಆಷಾಢದ ನಿಷೇಧ ಎರಡೂ ಇಲ್ಲಿನ ಬಿತ್ತನೆಯ ಮೇಲೆ ಸರಿಯಾಗಿ ಬಂದು ಕೂರುತ್ತವೆ. ಕನ್ಯಾಮಾಸ, ಅಂದರೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಈ ಸೀಮೆಯ ಮುಖ್ಯ ಮಳೆಗಾಲ. ಧನುರ್ಮಾಸ ರಾಗಿ ಕಣದ ಕಾಲ. ಮೀನಮಾಸಕ್ಕೆ ಕೆರೆ ಬಾವಿ ತಳ ಕಂಡಿರುತ್ತವೆ. ಕಾಶಿಯಲ್ಲೋ ಉಜ್ಜಯಿನಿಯಲ್ಲೋ ಕುಳಿತವರು ಐ.ಡಿ.ಹಳ್ಳಿಯ ಕಡಲೆಕಾಯಿ ನೋಡಿ ನಿಯಮ ಬರೆಯಲಿಲ್ಲ. ಆದರೂ ನಾಲ್ಕು ದ್ವಿಸ್ವಭಾವ ರಾಶಿಗಳು ಈ ನೆಲಕ್ಕೆ ಹೊಂದುತ್ತವೆ. ಹೊಂದಿದ್ದರಿಂದಲೇ ಇಲ್ಲಿ ಉಳಿದುಕೊಂಡವು ಎಂದು ಊಹಿಸಬಹುದು.

ರೈತರ ಕ್ಯಾಲೆಂಡರು ಕೂಡ ನಕ್ಷತ್ರಗಳದ್ದೇ ಎಂಬುದನ್ನು ಇಲ್ಲಿ ನೆನೆಯಬೇಕು. ಅಶ್ವಿನಿಯಿಂದ ಹಿಡಿದು ಆರಿದ್ರಾ, ಪುನರ್ವಸು, ಮಘೆ, ಹುಬ್ಬೆ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ, ವಿಶಾಖೆ ಎಂದು ಮಳೆಗಳಿಗೆ ಹೆಸರಿಟ್ಟಿರುವುದು ಸೂರ್ಯ ಆಯಾ ನಕ್ಷತ್ರದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಿಗೆ. ಪುರೋಹಿತರು ಚಿತ್ತಾ ನಕ್ಷತ್ರ ಎನ್ನುವುದು ಚಂದ್ರ ಅಲ್ಲಿರುವ ಒಂದು ದಿನಕ್ಕೆ. ರೈತ ಚಿತ್ತೆ ಎನ್ನುವುದು ಅಕ್ಟೋಬರ್ 10ರಿಂದ ಸುಮಾರು 23ರವರೆಗಿನ ಮಳೆಗೆ. ಒಂದೇ ಜಗಲಿಯ ಮೇಲೆ ಕೂತು ಇಬ್ಬರೂ ಚಿತ್ತೆಯ ಮಾತಾಡಿದರೂ ಒಬ್ಬರ ಲೆಕ್ಕ ಚಂದ್ರನದು, ಇನ್ನೊಬ್ಬರದು ಸೂರ್ಯನದು. ಮನೆಗೆ ಕೋಣೆ ಸೇರಿಸುವವರಿಗೆ ಬೇಕಾದದ್ದು ಎರಡನೆಯದು ಹೆಚ್ಚು. ವರ್ಷಕ್ಕೆ 600 ಮಿ.ಮೀ. ಆಚೀಚೆ ಬೀಳುವ ಮಳೆಯಲ್ಲಿ ದೊಡ್ಡ ಪಾಲು ಇಲ್ಲಿ ಹುಬ್ಬೆಯಿಂದ ಸ್ವಾತಿಯವರೆಗೆ, ಆಗಸ್ಟ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಬೀಳುತ್ತದೆ. ಮಲೆನಾಡಿನವರ ಆಷಾಢದ ಜಡಿಮಳೆ ಈ ಸೀಮೆಯ ಅನುಭವವಲ್ಲ.

ಹೊಸ ಮನೆಗೂ ಸೇರ್ಪಡೆಗೂ ಇರುವ ನಿಜವಾದ ವ್ಯತ್ಯಾಸ ಮಳೆಯ ಮುಂದೆಯೇ ತಿಳಿಯುವುದು. ಬಯಲಲ್ಲಿ ಕಟ್ಟುತ್ತಿರುವ ಹೊಸ ಮನೆಯ ಗೋಡೆ ನೆನೆದರೆ ಕೆಲಸ ನಾಲ್ಕು ದಿನ ನಿಲ್ಲುತ್ತದೆ, ಅಷ್ಟೇ, ಯಾರೂ ಅದರೊಳಗಿಲ್ಲ. ಸೇರಿಸಿ ಕಟ್ಟುವಾಗ ಒಂದಲ್ಲ ಒಂದು ದಿನ ಹಳೆ ಗೋಡೆ ಒಡೆಯಬೇಕು, ಮಾಡಿನ ಅಂಚು ಬಿಚ್ಚಬೇಕು. ಈ ಸೀಮೆಯ ಹಳೆ ಮನೆಗಳಲ್ಲಿ ಅನೇಕವು ಕಲ್ಲುಕಂಬ, ತೊಲೆ, ಜಂತೆಗಳ ಮೇಲೆ ಮಣ್ಣು ಹೊದಿಸಿದ ಮಾಳಿಗೆಯವು. ಮಳೆಗಾಲಕ್ಕೆ ಮುಂಚೆ ಮಾಳಿಗೆಯ ಮೇಲೆ ಚೌಳು ಮಣ್ಣು ಹರಡುವುದು ಹಿಂದಿನಿಂದ ಬಂದ ಪದ್ಧತಿ. ಉಪ್ಪಿನಂಶ ಹೆಚ್ಚಿರುವ ಆ ಮಣ್ಣು ನೆನೆದಾಗ ಸಣ್ಣ ಕಣಗಳಾಗಿ ಬಿಡಿಸಿಕೊಂಡು ರಂಧ್ರಗಳನ್ನು ಮುಚ್ಚುತ್ತದೆ. ಮೇಲಿನ ನೀರು ಕೆಳಗಿಳಿಯದೆ ದೋಣಿಯ ಕಡೆ ಹರಿದು ಬೀಳುತ್ತದೆ. ಒಮ್ಮೆ ಗಟ್ಟಿಯಾಗಿ ಕೂತ ಈ ಪದರವನ್ನು ಒಂದು ಕಡೆ ಕೆದಕಿದರೆ ಅಲ್ಲಿಂದ ಇಳಿಯುವ ನೀರು ಹೊಸ ಕೋಣೆಗಲ್ಲ, ದವಸದ ಮೂಟೆ ಇಟ್ಟಿರುವ ಹಳೆ ನಡುಮನೆಗೆ ಬರುತ್ತದೆ. ಹಸ್ತ, ಚಿತ್ತೆಯ ನಡುವೆ ಗೋಡೆ ಒಡೆದವರ ಮನೆಯಲ್ಲಿ ರಾತ್ರಿ ಯಾರಿಗೂ ನಿದ್ದೆ ಇರುವುದಿಲ್ಲ. ಆದ್ದರಿಂದ ಹೊಸ ಮನೆ ನಕ್ಷತ್ರದ ವಿಷಯದಲ್ಲಿ ಬಿಗಿ, ಮಳೆಯ ವಿಷಯದಲ್ಲಿ ಸಡಿಲ. ಸೇರ್ಪಡೆ ಇದರ ತಿರುಗುಮುರುಗು: ಶಾಸ್ತ್ರವೇ ಅದಕ್ಕೆ ಸಡಿಲ ಕೊಟ್ಟಿದೆ, ಮಳೆ ಕೊಡುವುದಿಲ್ಲ.

ನೆಲಕ್ಕೂ ಒಂದು ಕಾಲ ಬೇಕು. ಹಳೆ ಮನೆಯ ಪಾಯ ಎಷ್ಟೋ ಮಳೆ ಕಂಡು ಕೂತಿರುತ್ತದೆ. ಹೊಸ ಪಾಯ ಇನ್ನು ಮೇಲೆ ಕೂರಬೇಕು. ಎರಡನ್ನೂ ಅವಸರದಲ್ಲಿ ಬೆಸೆದರೆ ಕೂಡುಗೋಡೆಯಲ್ಲಿ ಮೇಲಿಂದ ಕೆಳಕ್ಕೆ ಬಿರುಕು ಬಿಡುತ್ತದೆ, ಗಿಲಾವು ಎಷ್ಟು ಸಲ ಹಾಕಿದರೂ ಮತ್ತೆ ಕಾಣಿಸಿಕೊಳ್ಳುತ್ತದೆ. ಸೈಜುಗಲ್ಲಿನ ಪಾಯ ಎತ್ತಿ, ಒಳಗೆ ಮಣ್ಣು ತುಂಬಿ, ಒಂದು ಮಳೆಗಾಲ ಹಾಗೇ ಬಿಡುವ ಪದ್ಧತಿ ಇರುವುದು ಇದಕ್ಕೇ. ನೀರು ಕುಡಿದು ಮಣ್ಣು ಕೂರಲಿ ಎನ್ನುತ್ತಾರೆ. ಹೀಗೆ ಮಾಡುವವರಿಗೆ ಒಳ್ಳೆಯ ಕಾಲ ಒಂದಲ್ಲ, ಎರಡು: ಪಾಯಕ್ಕೊಂದು, ಗೋಡೆಗೊಂದು. ಪಂಚಾಂಗ ಇವೆರಡರ ನಡುವಿನ ಕಾಯುವಿಕೆಗೆ ಹೆಸರಿಟ್ಟಿಲ್ಲ, ಆದರೆ ಕಟ್ಟಡಕ್ಕೆ ಅದೇ ಮುಖ್ಯ.

ಇನ್ನು ನೀರು. ಮತ್ಸ್ಯಪುರಾಣ ಹೊಗಳುವ ವೈಶಾಖ, ಅಕ್ಷಯ ತೃತೀಯದ ವೈಶಾಖ, ಐ.ಡಿ.ಹಳ್ಳಿಯಂಥ ಕಡೆ ಮೋಲ್ಡ್ ಹಾಕಲು ಅಷ್ಟೇನೂ ಒಳ್ಳೆಯದಲ್ಲ. ಕಾಂಕ್ರೀಟಿಗೆ ಸಂಬಂಧಿಸಿದ ಭಾರತೀಯ ಮಾನಕ ಐ.ಎಸ್. 456, ಒಣ ಬಿಸಿ ಹವೆಯಲ್ಲಿ ಕನಿಷ್ಠ 10 ದಿನ ಕ್ಯೂರಿಂಗ್ ಆಗಬೇಕೆನ್ನುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 38–40 ಡಿಗ್ರಿಯ ಹತ್ತಿರ ಹೋಗುತ್ತದೆ, ಬೋರ್‌ವೆಲ್‌ಗಳು ಬತ್ತುತ್ತವೆ, ಕುಡಿಯುವ ನೀರೇ ಟ್ಯಾಂಕರಿನದು. ತಾರಸಿಯ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರೆ ಸಂಜೆಯೊಳಗೆ ಹೀರಿ ಹೋಗುತ್ತದೆ. ಸ್ವಾತಿ ಮಳೆ ಮುಗಿದ ಮೇಲೆ ಕೆರೆಕಟ್ಟೆಯಲ್ಲಿ ನೀರಿರುತ್ತದೆ, ಬಿಸಿಲು ಇಳಿದಿರುತ್ತದೆ, ಕಡಲೆಕಾಯಿ ಕಿತ್ತು ಮಾರಿದ ದುಡ್ಡು ಕೈಗೆ ಬಂದಿರುತ್ತದೆ. ಕಾರ್ತಿಕ, ಮಾರ್ಗಶಿರಗಳಿಗೆ ಗ್ರಂಥದ ಒಪ್ಪಿಗೆಯೂ ಇದೆ. ಈ ನೆಲಕ್ಕೆ, ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ.

ಇಷ್ಟಾದರೂ ಮೂಲಪ್ರಶ್ನೆ ಉಳಿಯುತ್ತದೆ. ಕಾಲಕ್ಕೆ ತನ್ನದೇ ಆದ ಒಳ್ಳೆಯದು ಕೆಟ್ಟದ್ದು ಎಂಬುದಿದೆಯೇ? ವೈಶೇಷಿಕರು ಕಾಲವನ್ನು ಒಂಬತ್ತು ದ್ರವ್ಯಗಳಲ್ಲಿ ಒಂದೆಂದು ಎಣಿಸಿದರು. ಅದು ಒಂದೇ, ನಿತ್ಯ, ಎಲ್ಲೆಡೆ ವ್ಯಾಪಿಸಿದ್ದು. ಹಗಲು, ತಿಂಗಳು, ಅಯನ ಎಂಬ ಭಾಗಗಳೆಲ್ಲ ಸೂರ್ಯಚಲನೆಯಂಥ ಉಪಾಧಿಗಳಿಂದ ಬಂದವು. ಈ ಮತವನ್ನು ಒಪ್ಪಿದರೆ ಆಷಾಢ ಶೂನ್ಯ, ಕಾರ್ತಿಕ ಪೂರ್ಣ ಎನ್ನುವುದಕ್ಕೆ ಕಾಲದೊಳಗೆ ಆಧಾರ ಸಿಗದು. ಇದ್ದರೆ ಉಪಾಧಿಯಲ್ಲಿ, ಬಿಸಿಲು ಮಳೆ ಬೆಳೆಗಳಲ್ಲಿ ಇರಬೇಕು. ಮೀಮಾಂಸಕರ ದಾರಿ ಬೇರೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇಂಥ ಇಷ್ಟಿ ಮಾಡಬೇಕು ಎಂದು ವಿಧಿ ಇದ್ದರೆ ಆ ಕಾಲ ಕರ್ಮದ ಒಂದು ಅಂಗ. ಆ ದಿನಕ್ಕೆ ಸ್ವಂತ ಶಕ್ತಿಯಿದೆ ಎಂದು ಹೇಳಬೇಕಾಗಿಲ್ಲ. ವಿಧಿ ಹಾಗೆ ಹೇಳಿದೆ, ಅಷ್ಟು ಸಾಕು. ಮುಹೂರ್ತಶಾಸ್ತ್ರ ಮೂರನೆಯ ಮಾತು ಹೇಳುತ್ತದೆ: ದಿನಕ್ಕೆ ಫಲವಿದೆ, ಅದನ್ನು ಮೊದಲೇ ತಿಳಿಯಬಹುದು. ಮೂರರಲ್ಲಿ ಪ್ರಮಾಣ ಕೊಡಲು ಹೆಚ್ಚು ಕಷ್ಟಪಡಬೇಕಾದದ್ದು ಇದೇ, ಜನರ ಮನಸ್ಸನ್ನು ಹೆಚ್ಚು ಹಿಡಿದಿರುವುದೂ ಇದೇ.

ಇದಕ್ಕೆ ವಿರೋಧ ಹೊಸದಲ್ಲ. ಬೌದ್ಧರ ನಕ್ಖತ್ತ ಜಾತಕದಲ್ಲಿ ಗಂಡಿನ ಕಡೆಯವರು ಮದುವೆಯ ದಿನವೇ ಆಜೀವಕನೊಬ್ಬನನ್ನು ನಕ್ಷತ್ರ ಕೇಳಲು ಹೋಗುತ್ತಾರೆ. ತನ್ನನ್ನು ಮುಂಚೆಯೇ ಕೇಳಲಿಲ್ಲವೆಂಬ ಸಿಟ್ಟಿಗೆ ಅವನು ಇಂದು ಚೆನ್ನಾಗಿಲ್ಲ ಎನ್ನುತ್ತಾನೆ. ಮರುದಿನ ಹೋಗುವಷ್ಟರಲ್ಲಿ ಹೆಣ್ಣನ್ನು ಬೇರೆಯವರಿಗೆ ಕೊಟ್ಟಾಗಿರುತ್ತದೆ. 12ನೇ ಶತಮಾನದ ಬಸವಣ್ಣ ಒಂದು ವಚನದಲ್ಲಿ, ಶರಣರು ಲಗ್ನ ಕೇಳಿದರೆ ಶುಭವೆಂದೇ ಹೇಳಿಬಿಡಿ, ನಾಳೆಗಿಂತ ಇಂದೇ ವಾಸಿ ಎನ್ನಿ ಎಂದು ಗಣಕರಿಗೆ ಬಿನ್ನವಿಸುತ್ತಾನೆ. ಅದೇ ಬಸವಣ್ಣನನ್ನು ಪೂಜಿಸುವ ಮನೆಗಳಲ್ಲಿಯೂ ಇಂದು ಆಷಾಢ ಕಳೆಯಲಿ ಎಂದು ಕಾಯುತ್ತಾರೆ. ಮೊಗಲರ ಸುಬಾ ಕೇಂದ್ರವಾಗಿದ್ದ ಶಿರಾದ ಈ ನಾಡಿನ ಮುಸ್ಲಿಮರ ವಿಷಯವೂ ಹೆಚ್ಚು ಬೇರೆಯಲ್ಲ. ಸಫರ್ ತಿಂಗಳಿಗೆ ಅಪಶಕುನವಿಲ್ಲವೆಂದು ಹದೀಸಿನಲ್ಲಿ ಸ್ಪಷ್ಟವಿದ್ದರೂ, ದಖ್ಖನಿ ಕುಟುಂಬಗಳಲ್ಲಿ ಆ ತಿಂಗಳ ಮೊದಲ ಹದಿಮೂರು ದಿನ ಶುಭಕಾರ್ಯಕ್ಕೆ ಕೈಹಾಕದ ರೂಢಿ ಇದೆ. ಗ್ರಂಥ ಬಿಟ್ಟರೂ ರೂಢಿ ಬಿಡದು ಎಂಬುದರಲ್ಲಿ ಆಷಾಢಕ್ಕೂ ಸಫರ್‌ಗೂ ಭೇದವಿಲ್ಲ.

ಪಂಚಾಂಗಕ್ಕೆ ಸಮನಾಗಿ, ಕೆಲವು ಮನೆಗಳಲ್ಲಿ ಅದಕ್ಕಿಂತ ಮೇಲಾಗಿ ನಿಲ್ಲುವುದು ಊರದೇವರ ಅಪ್ಪಣೆ. ಮನೆದೇವರ ಗುಡಿಯಲ್ಲಿ ಪೂಜೆ ಮಾಡಿಸಿ, ವಿಷಯ ಅರಿಕೆ ಮಾಡಿ, ದೇವರ ಮೈಮೇಲಿನ ಹೂ ಬಲಕ್ಕೆ ಬೀಳುವುದೋ ಎಡಕ್ಕೆ ಬೀಳುವುದೋ ಎಂದು ಕಣ್ಣಿಟ್ಟು ಕೂರುತ್ತಾರೆ. ಬಲಗಡೆ ಹೂವಾದರೆ ಕೆಲಸಕ್ಕೆ ಅಪ್ಪಣೆ. ತತ್ತ್ವದ ದೃಷ್ಟಿಯಿಂದ ಮುಹೂರ್ತಕ್ಕೂ ಇದಕ್ಕೂ ಅಜಗಜಾಂತರ. ಮುಹೂರ್ತ ಹುಡುಕುವವರು ಕಾಲದಲ್ಲಿ ಒಂದು ನಿಯಮವಿದೆ, ಅದು ಯಾರ ಮುಖವನ್ನೂ ನೋಡುವುದಿಲ್ಲ ಎಂದು ನಂಬುತ್ತಾರೆ. ಹೂ ಕೇಳುವವರು ನಂಬುವುದು ಕೇಳಿಸಿಕೊಳ್ಳುವ, ಒಪ್ಪುವ, ಬೇಡವೆನ್ನುವ ಒಂದು ಮನಸ್ಸನ್ನು. ಮೊದಲನೆಯದರಲ್ಲಿ ತಪ್ಪು ದಿನ ಎಂದೆಂದಿಗೂ ತಪ್ಪು ದಿನ; ಎರಡನೆಯದರಲ್ಲಿ ಇಂದು ಎಡಕ್ಕೆ ಬಿದ್ದದ್ದು ಮುಂದಿನ ಸೋಮವಾರ ಬಲಕ್ಕೆ ಬೀಳಬಹುದು. ಪಾವಗಡದ ಶನಿಮಹಾತ್ಮನ ಗುಡಿಗೆ ಎಲ್ಲೆಲ್ಲಿಂದಲೋ ಜನ ಬರುವುದರಲ್ಲಿ ಇವೆರಡೂ ಬೆರೆತಿವೆ. ಸಾಡೇಸಾತಿ ಏಳೂವರೆ ವರ್ಷ ಎಂಬುದು ಗ್ರಹದ ಲೆಕ್ಕ. ಅಷ್ಟು ಕಾಲ ಮನೆ ಮುಟ್ಟದೆ ಇರಲಾಗದವರು ಎಳ್ಳೆಣ್ಣೆಯ ದೀಪ ಹಚ್ಚಿ ಬರುತ್ತಾರೆ. ಕಾಲದ ಕೆಟ್ಟತನವನ್ನು ಪೂಜೆಯಿಂದ ಇಳಿಸಬಹುದು ಎಂದಾದ ಮೇಲೆ ಆ ಕೆಟ್ಟತನ ಅಚಲ ನಿಯಮವಾಗಿ ಉಳಿಯುವುದಿಲ್ಲ; ಭಕ್ತರು ಇದನ್ನು ತರ್ಕಕ್ಕೆ ಹಚ್ಚದಿರಬಹುದು, ನಡತೆಯಲ್ಲಿ ಒಪ್ಪಿಕೊಂಡಿದ್ದಾರೆ.

ಊರಮ್ಮನ ಜಾತ್ರೆಯ ಲೆಕ್ಕಕ್ಕೆ ಪಂಚಾಂಗದಲ್ಲಿ ಜಾಗವಿಲ್ಲ. ಜಾತ್ರೆಗೆ ಸಾರು ಹಾಕಿದ, ಅಂದರೆ ಊರಲ್ಲಿ ಸಾರಿ ಹೇಳಿದ ಮೇಲೆ, ಅಮ್ಮ ಗುಡಿದುಂಬುವವರೆಗೆ ಊರಲ್ಲಿ ಹೊಸ ಕೆಲಸ ಶುರು ಮಾಡುವಂತಿಲ್ಲ. ಎಷ್ಟು ಒಳ್ಳೆಯ ಲಗ್ನವಿದ್ದರೂ ಸಾರಿನ ಮುಂದೆ ಅದು ನಿಲ್ಲದು. ಮನೆಯೊಳಗಿನ ತಡೆಗಳು ಇನ್ನೂ ಇವೆ. ಹೆಂಡತಿ ಬಸುರಿಯಾಗಿದ್ದಾಗ ಗಂಡ ಪಾಯ ತೋಡಿಸಬಾರದು; ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಕಾಯಬೇಕು. ದೂಳು, ಸದ್ದು, ಸಾಲ, ಓಡಾಟ ಇವನ್ನು ಬಸುರಿಯ ಮೇಲೆ, ದುಃಖದಲ್ಲಿರುವವರ ಮೇಲೆ ಹೇರಬಾರದೆಂಬ ವಿವೇಕ ಇವುಗಳಲ್ಲಿ ಕಾಣುತ್ತದೆ. ಜೊತೆಗೆ ಅಧಿಕಮಾಸ. ಚಾಂದ್ರ ಸೌರ ವರ್ಷಗಳನ್ನು ಸರಿಹೊಂದಿಸಲು ಸುಮಾರು 32 ತಿಂಗಳಿಗೊಮ್ಮೆ ಸೇರುವ ಈ ತಿಂಗಳಲ್ಲಿ ಸೂರ್ಯಸಂಕ್ರಮಣವಿಲ್ಲ. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ವಿಚಿತ್ರವೆಂದರೆ, ತಿಂಗಳುಗಳ ಶುಭಾಶುಭದ ಮಾತು ಲೆಕ್ಕದ ಅನುಕೂಲದಿಂದ ಎಷ್ಟು ಹುಟ್ಟುತ್ತದೆ ಎಂಬುದು ಇಲ್ಲಿಯೇ ಚೆನ್ನಾಗಿ ಕಾಣುವುದು. ಲೆಕ್ಕ ಸರಿದೂಗಿಸಲು ಸೇರಿಸಿದ ತಿಂಗಳು ಯಾವ ಕೆಲಸಕ್ಕೂ ಬಾರದ್ದಾಯಿತು, ಜಪ ದಾನಗಳಿಗೆ ಮಾತ್ರ ಮೀಸಲಾಯಿತು.

ಫಲದ ಮಾತನ್ನು ನಂಬದವರಿಗೂ ಮುಹೂರ್ತದಿಂದ ಒಂದು ಉಪಯೋಗವಿದೆ. ಸೇರಿಸಿ ಕಟ್ಟುವ ಕೋಣೆ ಯಾರೊಬ್ಬರದೂ ಅಲ್ಲ. ಅದು ಅಣ್ಣನಿಗೋ ತಮ್ಮನಿಗೋ, ಖರ್ಚು ಯಾರದು, ಹಿತ್ತಲಿನ ನುಗ್ಗೆಮರ ಕಡಿಯುವುದೋ ಬೇಡವೋ, ನೀರಿನ ದಾರಿ ಪಕ್ಕದವರ ಕಡೆಗೋ ಬೀದಿಗೋ ಎಂದು ತಿಂಗಳುಗಟ್ಟಲೆ ಮಾತು ನಡೆದಿರುತ್ತದೆ. ದಿನ ಗೊತ್ತಾದ ಮೇಲೆ ಆ ಮಾತು ನಿಲ್ಲಬೇಕು. ಬೆಳಿಗ್ಗೆ ಈಶಾನ್ಯ ಮೂಲೆಯಲ್ಲಿ ನೆಲ ಸಾರಿಸಿ, ಗುದ್ದಲಿಗೆ ಅರಿಶಿನ ಕುಂಕುಮ ಹಚ್ಚಿ, ನವಧಾನ್ಯ ಇಟ್ಟು, ಪುರೋಹಿತರು ಸಂಕಲ್ಪ ಹೇಳುವಾಗ ಯುಗ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ ಎಲ್ಲವೂ ಬರುತ್ತವೆ. ಗೋದಾವರಿಯ ದಕ್ಷಿಣ ದಡ ಎಂದು ಜಾಗದ ಗುರುತೂ ಬರುತ್ತದೆ. ಕೊನೆಗೆ ಮನೆಯವರ ಹೆಸರುಗಳು. ಮೊದಲ ಮೂರು ಗುದ್ದಲಿ ಹಾಕುವಾಗ ಅಣ್ಣತಮ್ಮಂದಿರೂ ಪಕ್ಕದ ಮನೆಯವರೂ ನಿಂತಿರುತ್ತಾರೆ. ನಿಂತವರು ಒಪ್ಪಿದಂತೆ. ಆಮೇಲೆ ತಕರಾರು ತೆಗೆಯುವುದು ಸುಲಭವಲ್ಲ. ಸರ್ಕಾರದ ಕಣ್ಣಿಗೆ ಈ ಒಪ್ಪಿಗೆ ಸಾಲದು: 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಇರುವ ಕಟ್ಟಡಕ್ಕೆ ಸೇರಿಸಿ ಕಟ್ಟಲೂ ಗ್ರಾಮ ಪಂಚಾಯಿತಿಯ ಅನುಮತಿ ಬೇಕು. ಇ-ಸ್ವತ್ತು ದಾಖಲೆ ಸರಿಯಿಲ್ಲದವರಿಗೆ ಆ ಕಾಗದ ಬರುವಷ್ಟರಲ್ಲಿ ಎರಡು ಒಳ್ಳೆಯ ಲಗ್ನಗಳು ಕಳೆದುಹೋಗಬಹುದು. ಅರ್ಜಿಯನ್ನು ಶ್ರಾವಣದಲ್ಲೇ ಕೊಟ್ಟಿರುವುದು ಜಾಣತನ.

ಹೀಗೆ ಎಲ್ಲ ಲೆಕ್ಕಗಳನ್ನೂ ಒಂದೆಡೆ ತಂದಾಗ ಐ.ಡಿ.ಹಳ್ಳಿಯ ಸೀಮೆಗೆ ಹೊಂದುವ ಕ್ರಮ ಹೀಗಿರುತ್ತದೆ. ಎರಡು ಕಾಲಗಳ ಪದ್ಧತಿ ಹಿಡಿಯುವವರು ವೈಶಾಖದಲ್ಲಿ, ನೀರು ಹೆಚ್ಚು ಬೇಡದ ಕಲ್ಲುಪಾಯವನ್ನಷ್ಟೇ ಮುಗಿಸಿ, ಮಣ್ಣು ತುಂಬಿ, ಬಿತ್ತನೆಗೆ ಹೊರಡುತ್ತಾರೆ. ಸ್ವಾತಿಯವರೆಗಿನ ಮಳೆ ಆ ಮಣ್ಣನ್ನು ಕೂರಿಸುತ್ತದೆ. ಕಾಯಲಾಗದವರು ಕಾರ್ತಿಕದಲ್ಲಿ ಪಾಯ ತೋಡಿ ಕೂಡುಗೋಡೆಯನ್ನು ಬೆಸೆಯದೆ ಸಂದು ಬಿಟ್ಟು ಕಟ್ಟುತ್ತಾರೆ. ಇಬ್ಬರಿಗೂ ಗೋಡೆ ಏಳುವುದು ಕಾರ್ತಿಕ ಮಾರ್ಗಶಿರಗಳಲ್ಲಿ. ವಾಸಕಾಲು ನಿಲ್ಲಿಸುವುದಕ್ಕೆ ಪ್ರತ್ಯೇಕ ಮುಹೂರ್ತ. ಮಾವಿನ ಸೊಪ್ಪು ಕಟ್ಟಿ, ಬಡಗಿಗೂ ಮೇಸ್ತ್ರಿಗೂ ವೀಳ್ಯ ಬಟ್ಟೆ ಕೊಡುತ್ತಾರೆ. ಧನುರ್ಮಾಸದಲ್ಲಿ ಹೊಸದಾಗಿ ಏನನ್ನೂ ಶುರು ಮಾಡುವುದಿಲ್ಲ, ಆದರೆ ಶುರುವಾದ ಕೆಲಸ ನಿಲ್ಲಿಸಬೇಕೆಂದು ಯಾರೂ ಹೇಳುವುದಿಲ್ಲ. ಮೋಲ್ಡಿಗೆ ಗೋಣಿಚೀಲ ಹೊದಿಸಿ ನೀರು ಹಾಕುವುದಕ್ಕೆ ಆ ಚಳಿಯ ತಿಂಗಳು ಹೇಳಿ ಮಾಡಿಸಿದ್ದು. ಸಂಕ್ರಾಂತಿ ಕಳೆದ ಮೇಲೆ, ಮಾಘದಲ್ಲಿ, ಮೋಡದ ಸುಳಿವೂ ಇಲ್ಲದ ಒಂದು ವಾರ ನೋಡಿ ಹಳೆ ಗೋಡೆ ಒಡೆದು ಒಳಬಾಗಿಲು ತೆಗೆಯುತ್ತಾರೆ. ಹೊಸ ಮನೆಯ ಪ್ರವೇಶಕ್ಕೆ ಹೇಳಿದ ತಿಂಗಳೂ ಅದೇ ಆಗಿರುವುದರಿಂದ, ಮನೆ ಹಳೆಯದೋ ಹೊಸದೋ ಎಂಬ ವಾದದಲ್ಲಿ ಯಾವ ಕಡೆಯವರಿಗೂ ಆಕ್ಷೇಪವಿರುವುದಿಲ್ಲ. ಮತ್ತೊಮ್ಮೆ ಹಾಲು ಉಕ್ಕಿಸುವವರು ಕಡಿಮೆ. ಹಳೆಯ ಒಲೆ ಆರಿಲ್ಲವಲ್ಲ. ಒಂದು ಸತ್ಯನಾರಾಯಣ ಪೂಜೆ, ಇಲ್ಲವೇ ಮನೆದೇವರ ಹೆಸರಲ್ಲಿ ಕಾಯಿ ಒಡೆದು, ನೆಂಟರಿಷ್ಟರಿಗೆ ಊಟ ಹಾಕಿ ಕೋಣೆಯನ್ನು ಬಳಸತೊಡಗುತ್ತಾರೆ.